ಸ್ಲೈಡ್ ಸವೆದ ಕಾರ್ಬುರೇಟರ್: ಹಳೆಯ ಬೈಕ್ ಐಡ್ಲಿಂಗ್‌ನಲ್ಲಿ ನಿಲ್ಲದಿದ್ದಾಗ ನೋಡಬೇಕಾದದ್ದು

ಹಳೆಯ ಬೈಕ್ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ರಸ್ತೆಯಲ್ಲಿ ಚೆನ್ನಾಗಿಯೇ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟು ನಿಂತಾಗ ಮಾತ್ರ ತೊಂದರೆ. ಐಡ್ಲಿಂಗ್ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಕೊನೆಗೆ ಎಂಜಿನ್ ಆಫ್. ಐಡ್ಲಿಂಗ್‌ನ ಗಾಳಿ-ಪೆಟ್ರೋಲ್ ಪಾಲು ಹೊಂದಿಸುವ ಪೈಲಟ್ ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್‌ನಲ್ಲಿ ಬದಲಾವಣೆ ಇಲ್ಲ. ಕಾರ್ಬುರೇಟರ್ ಹತ್ತಿರ ಕಿವಿಯಿಟ್ಟರೆ ಒಳಗಿನಿಂದ ಟಿಕ್ ಟಿಕ್ ಅನ್ನುವ ಸದ್ದು. ಪ್ಲಗ್ ಬದಲಿಸಿ ಆಯಿತು, ಪಾಯಿಂಟ್ ಸೆಟ್ ಮಾಡಿ ಆಯಿತು, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಊದಿ ಆಯಿತು. ಯಾವುದರಿಂದಲೂ ಪ್ರಯೋಜನವಿಲ್ಲ.

ಇವೆಲ್ಲ ಒಟ್ಟಿಗೆ ಕಂಡರೆ ಥ್ರಾಟಲ್ ಸ್ಲೈಡ್ ಮತ್ತು ಅದು ಓಡಾಡುವ ದುಂಡು ತೂತು, ಅಂದರೆ ಬೋರ್, ಎರಡನ್ನೂ ಬಿಚ್ಚಿ ನೋಡಬೇಕು. ತುಂಬಾ ಜನ ಇಲ್ಲಿ ಹೊಸ ಸ್ಲೈಡ್ ತಂದು ಹಾಕಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಸರಿಹೋಗುವುದಿಲ್ಲ. ಸ್ಲೈಡ್ ಸವೆಯುವಾಗ ಬೋರ್ ಕೂಡ ಸವೆದಿರುತ್ತದೆ. ರಿಪೇರಿ ಆಗಬೇಕಾದದ್ದು ಇವೆರಡರ ನಡುವಿನ ಸಂದು. ಆ ಸಂದನ್ನು ಅಳೆಯದೆ ಶುರು ಮಾಡಿದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅಳತೆಗೆ ನಾನು ಇಲ್ಲಿ ಜಾಸ್ತಿ ಜಾಗ ಕೊಡುವುದು ಅದಕ್ಕೇ.

ಸ್ಲೈಡ್ ಮಾಡುವ ಕೆಲಸ

ಹಳೆಯ ಬೈಕ್‌ಗಳ ಕಾರ್ಬುರೇಟರ್‌ನಲ್ಲಿ ಗಾಳಿಯ ದಾರಿಗೆ ಅಡ್ಡಲಾಗಿ ಒಂದು ಲೋಟದಾಕಾರದ ಭಾಗ ಮೇಲೆ ಕೆಳಗೆ ಓಡಾಡುತ್ತದೆ. ಅದೇ ಸ್ಲೈಡ್. ಆಕ್ಸಿಲರೇಟರ್ ಕೇಬಲ್ ಅದನ್ನು ಮೇಲಕ್ಕೆಳೆಯುತ್ತದೆ, ಸ್ಪ್ರಿಂಗ್ ಕೆಳಕ್ಕೆ ತಳ್ಳುತ್ತದೆ. ಅದರ ನಡುವಿನಿಂದ ತುದಿಯ ಕಡೆಗೆ ಸಣ್ಣಗಾಗುತ್ತಾ ಹೋಗುವ ಒಂದು ನೀಡಲ್ ಇಳಿಬಿದ್ದಿರುತ್ತದೆ. ನೀಡಲ್ ಹೋಗಿ ಕೂರುವುದು ನೀಡಲ್ ಜೆಟ್ ಎನ್ನುವ ಹಿತ್ತಾಳೆಯ ಕೊಳವೆಯಲ್ಲಿ.

ಬ್ರಿಟಿಷ್ ಬೈಕ್‌ಗಳಲ್ಲಿ ಜಾಸ್ತಿ ಕಾಣುವುದು ಅಮಾಲ್ ಕಾರ್ಬುರೇಟರ್. 1920ರ ದಶಕದ ಕೊನೆಯಲ್ಲಿ ಅಮ್ಯಾಕ್, ಬಿಂಕ್ಸ್, ಬ್ರೌನ್ ಅಂಡ್ ಬಾರ್ಲೋ ಎಂಬ ಮೂರು ಕಂಪನಿಗಳು ಸೇರಿ ಅಮಾಲ್ ಆಯಿತು. ಮೊದಲು ಫ್ಲೋಟ್ ಚೇಂಬರ್ (ಪೆಟ್ರೋಲ್ ನಿಲ್ಲುವ ಬಟ್ಟಲು) ಬೇರೆಯಾಗಿದ್ದ ಮಾದರಿಗಳು ಬಂದವು. 1950ರ ದಶಕದ ನಡುವೆ ಮಾನೊಬ್ಲಾಕ್ ಎಂಬ ಮಾದರಿ ಬಂತು, 1967ರಲ್ಲಿ ಕಾನ್ಸೆಂಟ್ರಿಕ್. ಜಪಾನಿನ ಮಿಕುನಿ ಕೂಡ ಅಮಾಲ್‌ನಿಂದ ಲೈಸೆನ್ಸ್ ಪಡೆದು ಕಾರ್ಬುರೇಟರ್ ಮಾಡಿತ್ತು. ಜಾವಾದ ಯಿಕೋವ್, ಜರ್ಮನಿಯ ಬಿಂಗ್, ಇಟಲಿಯ ಡೆಲೋರ್ಟೊ ಎಲ್ಲದರಲ್ಲೂ ಈ ದುಂಡು ಸ್ಲೈಡ್ ಸಿಗುತ್ತದೆ. ಹೆಸರು ಬೇರೆ ಇರಬಹುದು, ಸವೆಯುವ ರೀತಿ ಒಂದೇ.

ಆಕ್ಸಿಲರೇಟರ್ ಎಷ್ಟು ತಿರುಗಿಸಿದ್ದೀರಿ ಎನ್ನುವುದರ ಮೇಲೆ ಕಾರ್ಬುರೇಟರ್‌ನ ಒಂದೊಂದು ಭಾಗ ಯಜಮಾನಿಕೆ ವಹಿಸುತ್ತದೆ. ಪೂರ್ತಿ ಮುಚ್ಚಿದಲ್ಲಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡ್‌ನ ಕೆಳ ಅಂಚಿನಲ್ಲಿ ಏರ್ ಫಿಲ್ಟರ್ ಕಡೆಗೆ ಕತ್ತರಿಸಿರುವ ಓರೆ, ಅಂದರೆ ಕಟ್‌ಅವೇ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ ಮತ್ತು ನೀಡಲ್ ಜೆಟ್. ಅದಕ್ಕಿಂತ ಮೇಲೆ ಮೇನ್ ಜೆಟ್. ಗೆರೆ ಎಳೆದ ಹಾಗೆ ಇವು ಬೇರೆಯಾಗುವುದಿಲ್ಲ, ಒಂದರ ಮೇಲೊಂದು ಸ್ವಲ್ಪ ಹರಡಿಕೊಂಡಿರುತ್ತವೆ.

ರೋಗ ಪತ್ತೆಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಹಿಡಿಕೆಯ ಮೇಲೆ ಒಂದು ತುಂಡು ಟೇಪ್ ಅಂಟಿಸಿ. ಮುಚ್ಚಿದ್ದು, ಎಂಟನೇ ಒಂದು, ಕಾಲು, ಅರ್ಧ, ಮುಕ್ಕಾಲು ಎಂದು ಗುರುತು ಹಾಕಿ ಓಡಿಸಿ. ತೊಂದರೆ ಯಾವ ಗುರುತಿನ ಹತ್ತಿರ ಬರುತ್ತದೆ ನೋಡಿ. ಸ್ಪೀಡ್ ಎಷ್ಟಿತ್ತು ಎನ್ನುವುದು ಇಲ್ಲಿ ಮುಖ್ಯವಲ್ಲ. ಸ್ಲೈಡ್ ಮತ್ತು ಬೋರ್ ಸವೆದಿದ್ದರೆ ತೊಂದರೆ ಮೊದಲ ಕಾಲು ಭಾಗದಲ್ಲೇ ಇರುತ್ತದೆ. ಅರ್ಧಕ್ಕೆ ಬಂದಾಗ ಕಪ್ಪು ಹೊಗೆ, ಮಂಕು ಎಳೆತ ಅಂದರೆ ಅದು ನೀಡಲ್ ಜೆಟ್‌ನ ಕಥೆ. ಅದಕ್ಕೆ ಮುಂದೆ ಬರುತ್ತೇನೆ.

ಸವೆಯುವುದು ಯಾವ ಕಡೆ, ಯಾಕೆ

ಆಕ್ಸಿಲರೇಟರ್ ಮುಚ್ಚಿರುವಾಗ ಎಂಜಿನ್ ಕಡೆ ಜೋರಾದ ಎಳೆತ ಇರುತ್ತದೆ, ಫಿಲ್ಟರ್ ಕಡೆ ಹೊರಗಿನ ಗಾಳಿಯ ಒತ್ತಡ. ಹಾಗಾಗಿ ಸ್ಲೈಡ್ ಯಾವಾಗಲೂ ಎಂಜಿನ್ ಕಡೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಒತ್ತಿಕೊಂಡೇ ಮೇಲೆ ಕೆಳಗೆ ಉಜ್ಜುತ್ತದೆ. ಆದ್ದರಿಂದ ಸ್ಲೈಡ್‌ನಲ್ಲೂ ಬೋರ್‌ನಲ್ಲೂ ಎಂಜಿನ್ ಕಡೆಯ ಮುಖ ಮೊದಲು ಸವೆಯುತ್ತದೆ.

ಈ ಎಳೆತ ಒಂದೇ ಸಮ ಇರುವುದಿಲ್ಲ. ಒಂದೇ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ 400 ಸಲ ಗಾಳಿ ಎಳೆಯುತ್ತದೆ. ಅಂದರೆ ಸೆಕೆಂಡಿಗೆ ಆರೇಳು ಸಲ ಸ್ಲೈಡ್ ಗೋಡೆಗೆ ಬಡಿದು ಹಿಂದೆ ಸರಿಯುತ್ತದೆ. ಆ ಟಿಕ್ ಟಿಕ್ ಸದ್ದು ಇದೇ.

ಲೋಹದ ಪಾತ್ರವೂ ದೊಡ್ಡದು. ಅಮಾಲ್ ಬಾಡಿಗಳು ಸತುವಿನ ಮಿಶ್ರಲೋಹದ ಎರಕ. ಎಷ್ಟೋ ಕಾರ್ಬುರೇಟರ್‌ಗಳಲ್ಲಿ ಸ್ಲೈಡ್ ಕೂಡ ಅದೇ ಲೋಹದ್ದು. ಒಂದೇ ಜಾತಿಯ ಮೆತ್ತಗಿನ ಲೋಹ ಒಂದಕ್ಕೊಂದು ಉಜ್ಜಿದರೆ ಬೇಗ ಕಿತ್ತುಕೊಂಡು ಬರುತ್ತದೆ. ಅದಕ್ಕೇ ಆಮೇಲೆ ಕ್ರೋಮ್ ಲೇಪಿಸಿದ ಹಿತ್ತಾಳೆ ಸ್ಲೈಡ್‌ಗಳು, ಹಾರ್ಡ್ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಸ್ಲೈಡ್‌ಗಳು ಬಂದವು. ಇದರ ಮೇಲೆ ಧೂಳು ಸೇರಿತೋ, ಕೆಲಸ ಕೆಟ್ಟಂತೆಯೇ. ಏರ್ ಫಿಲ್ಟರ್ ತೆಗೆದು ಬರೀ ಬಾಯಿ ಬಿಟ್ಟುಕೊಂಡು ಓಡಿಸಿದ ಕಾರ್ಬುರೇಟರ್‌ನ ಬೋರ್ ಎಮರಿ ಪೇಪರ್ ಹಾಕಿ ತಿಕ್ಕಿದ ಹಾಗೆ ಸವೆಯುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸ್ಲೈಡ್ ಎಂಜಿನ್ ಕಡೆಗೇ ಒತ್ತಿಕೊಳ್ಳುವುದಾದರೆ ಅಲ್ಲಿ ಸಂದು ಮುಚ್ಚಿಹೋಗಬೇಕಲ್ವಾ, ಗಾಳಿ ಹೇಗೆ ನುಗ್ಗುತ್ತದೆ? ಸಣ್ಣ ದುಂಡು ದೊಡ್ಡ ದುಂಡಿನೊಳಗೆ ಕೂತರೆ ಎರಡೂ ತಾಗುವುದು ಒಂದು ಗೆರೆಯ ಉದ್ದಕ್ಕೆ ಮಾತ್ರ. ಅದರ ಎಡಬಲಗಳಲ್ಲಿ ಸಂದು ತೆರೆದೇ ಇರುತ್ತದೆ. ಬೋರ್ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಸ್ಲೈಡ್ ಓರೆಯಾಗಿಯೂ ನಿಲ್ಲುತ್ತದೆ. ಗಾಳಿ ಫಿಲ್ಟರ್ ಕಡೆಯಿಂದ ಬದಿಗಳನ್ನು ಬಳಸಿಕೊಂಡು, ಮೇಲಿನ ಮುಚ್ಚಳದ ಕಡೆಯಿಂದಲೂ ಇಳಿದು ಒಳಗೆ ಹೋಗುತ್ತದೆ.

ಎಷ್ಟು ಗಾಳಿ ಅಂತ ಲೆಕ್ಕ ಹಾಕಿ ನೋಡೋಣ. ಬೋರ್ 30.00 ಮಿ.ಮೀ., ಹೊಸ ಸ್ಲೈಡ್ 29.92 ಮಿ.ಮೀ. ಅಂದುಕೊಳ್ಳಿ. ಸುತ್ತಲಿನ ಉಂಗುರದಾಕಾರದ ಸಂದಿನ ವಿಸ್ತೀರ್ಣ ಸುಮಾರು 3.8 ಚದರ ಮಿ.ಮೀ. ಈಗ ಗಾಳಿ ಹರಿಯುವ ದಿಕ್ಕಿನಲ್ಲಿ ಬೋರ್ 30.22 ಆಗಿದೆ, ಸ್ಲೈಡ್ 29.70ಕ್ಕೆ ಇಳಿದಿದೆ. ಅಡ್ಡ ದಿಕ್ಕಿನಲ್ಲಿ ಬೋರ್ 30.05, ಸ್ಲೈಡ್ 29.85. ಸಂದಿನ ಸರಾಸರಿ ತೆಗೆದುಕೊಂಡರೆ ವಿಸ್ತೀರ್ಣ ಸುಮಾರು 17 ಚದರ ಮಿ.ಮೀ. ಆಗುತ್ತದೆ. ಹೆಚ್ಚಾದದ್ದು 13 ಚದರ ಮಿ.ಮೀ. ಅದರಲ್ಲಿ ಅರ್ಧ ಮಾತ್ರ ಗಾಳಿಗೆ ದಾರಿ ಕೊಡುತ್ತದೆ ಅಂದರೂ, ಕಾರ್ಬುರೇಟರ್‌ಗೆ ಸುಮಾರು 3 ಮಿ.ಮೀ. ಅಳತೆಯ ತೂತು ಕೊರೆದು ತೆರೆದಿಟ್ಟ ಹಾಗಾಯಿತು. ಐಡ್ಲಿಂಗ್‌ನಲ್ಲಿ ಸ್ಲೈಡ್ ಕೆಳಗೆ ಬಿಟ್ಟಿರುವ ಸಂದೇ ಚಿಕ್ಕದು. ಅದರ ಪಕ್ಕದಲ್ಲಿ ಇಷ್ಟು ದೊಡ್ಡ ಕಳ್ಳದಾರಿ ಇದ್ದರೆ ಪೈಲಟ್ ಸ್ಕ್ರೂ ತಿರುಗಿಸಿ ಏನು ಉಪಯೋಗ?

ಹೀಗೆ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಡಿಮೆಯಾದ ಸ್ಥಿತಿಯನ್ನೇ ಲೀನ್ ಅನ್ನುವುದು. ಎರಡು ಸ್ಟ್ರೋಕ್ ಬೈಕ್‌ನಲ್ಲಿ ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಪೆಟ್ರೋಲ್‌ನಲ್ಲೇ ಆಯಿಲ್ ಬೆರೆಸಿ ಓಡುವ ಎಂಜಿನ್‌ನಲ್ಲಿ ಪೆಟ್ರೋಲ್ ಕಡಿಮೆಯಾದರೆ ಆಯಿಲ್ ಕೂಡ ಕಡಿಮೆಯಾಗುತ್ತದೆ.

ಸ್ಲೈಡ್ ಮೇಲೆ ತಪ್ಪು ಹೊರಿಸುವ ಮುಂಚೆ

ಇದೇ ಲಕ್ಷಣ ತೋರಿಸುವ ಇನ್ನೊಂದು ಜಾಗ ಇದೆ, ಕಾರ್ಬುರೇಟರ್ ಎಂಜಿನ್‌ಗೆ ಕೂರುವ ಫ್ಲಾಂಜ್. ಎರಡು ನಟ್ ಹಾಕಿ ಬಿಗಿಯುವ ಫ್ಲಾಂಜ್ ಇದ್ದರೆ ಅದು ಬಗ್ಗಿರುವ ಸಾಧ್ಯತೆ ತುಂಬಾ ಜಾಸ್ತಿ. ಗಾಳಿ ಸೋರುತ್ತಿದೆ ಎಂದು ಒಬ್ಬರು ಬಿಗಿಯುತ್ತಾರೆ, ಇನ್ನೂ ಸೋರುತ್ತಿದೆ ಎಂದು ಮತ್ತೊಬ್ಬರು ಮತ್ತಷ್ಟು ಬಿಗಿಯುತ್ತಾರೆ. ಸತುವಿನ ಎರಕ ಬಿಲ್ಲಿನಂತೆ ಬಾಗುತ್ತದೆ, ನಡುವೆ ಸಂದು ಬೀಳುತ್ತದೆ. ಇದರ ಜೊತೆ ಸ್ಲೈಡ್ ಓಡಾಡುವ ಬೋರ್ ಕೂಡ ಹಿಂಡಿದಂತಾಗಿ ಸ್ಲೈಡ್ ಹಿಡಿಯಲು ಶುರುವಾಗುತ್ತದೆ.

ಫ್ಲಾಂಜ್ ಮೇಲೆ ಸ್ಟೀಲ್ ಸ್ಕೇಲ್ ಅಂಚು ನಿಲ್ಲಿಸಿ ಬೆಳಕಿಗೆ ಹಿಡಿದರೆ ಬಾಗಿದ್ದು ತಿಳಿಯುತ್ತದೆ. ಸಂದು ಮುಚ್ಚುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್ ತೆಗೆದು, ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಹರಡಿ, ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿ ಸಮ ಮಾಡಬಹುದು. ಓ-ರಿಂಗ್ ಕೂರುವ ಕಾಲುವೆಯ ಆಳ ಕಡಿಮೆಯಾಗುತ್ತದೆ ಎನ್ನುವುದು ನೆನಪಿರಲಿ. ತುಂಬಾ ಉಜ್ಜಿದರೆ ಓ-ರಿಂಗ್ ಎದ್ದು ನಿಂತು ಫ್ಲಾಂಜ್ ಮತ್ತೆ ಬಾಗುತ್ತದೆ. ಈ ನಟ್‌ಗಳನ್ನು ಓ-ರಿಂಗ್ ಒತ್ತುವಷ್ಟು ಬಿಗಿದರೆ ಸಾಕು.

ಫ್ಲಾಂಜ್ ಸೋರುತ್ತಿದೆಯೋ ಇಲ್ಲವೋ ತಿಳಿಯಲು ಐಡ್ಲಿಂಗ್‌ನಲ್ಲಿರುವ ಎಂಜಿನ್‌ನ ಆ ಜೋಡಣೆಯ ಸುತ್ತ ನೀರನ್ನು ಹನಿಹನಿಯಾಗಿ ಸಿಂಪಡಿಸಿ. ಎಂಜಿನ್ ಸದ್ದು ತಕ್ಷಣ ಬದಲಾದರೆ ಸೋರಿಕೆ ಅಲ್ಲಿದೆ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ನೋಡುವ ಅಭ್ಯಾಸ ಕೆಲವರಿಗಿದೆ. ಬಿಸಿ ಎಂಜಿನ್, ಕಿಡಿ ಹಾರುವ ಜಾಗ, ಮೇಲೆ ಉರಿಯುವ ದ್ರವ. ದಯವಿಟ್ಟು ಬೇಡ.

ಅಳತೆ

ಕಾರ್ಬುರೇಟರ್ ಪೂರ್ತಿ ಬಿಚ್ಚಿ ತೊಳೆದ ಮೇಲೆ ಸ್ಲೈಡ್ ಒಳಗಿಟ್ಟು ಬೆರಳಿನಿಂದ ಹಿಂದೆ ಮುಂದೆ ಆಡಿಸಿ. ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಸವೆದಿದೆ. ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಹೊಳಪು ಕಂಡರೂ ಅಷ್ಟೇ. ಆದರೆ ಎಷ್ಟು ಸವೆದಿದೆ, ಯಾವುದು ಸವೆದಿದೆ ಎನ್ನುವುದು ಇದರಿಂದ ತಿಳಿಯುವುದಿಲ್ಲ.

ಸ್ಲೈಡ್‌ಗೆ ಮೈಕ್ರೋಮೀಟರ್ ಬೇಕು. ಬೋರ್‌ಗೆ ಬೋರ್ ಗೇಜ್, ಇಲ್ಲದಿದ್ದರೆ ಟೆಲಿಸ್ಕೋಪಿಕ್ ಗೇಜ್ ಮತ್ತು ಮೈಕ್ರೋಮೀಟರ್. ವರ್ನಿಯರ್‌ನ ಒಳ ದವಡೆಗಳು ಈ ಕೆಲಸಕ್ಕೆ ಸಾಲುವುದಿಲ್ಲ. ದುಂಡು ಬೋರ್‌ನಲ್ಲಿ ಅವು ಸರಿಯಾಗಿ ಕೂರುವುದೇ ಇಲ್ಲ, ನಮಗೆ ಬೇಕಾದ ನಿಖರತೆ ಒಂದು ಮಿ.ಮೀ.ನ ನೂರನೇ ಭಾಗದಷ್ಟು. ಬೋರ್‌ನ ಮೇಲೆ, ನಡುವೆ, ಕೆಳಗೆ ಮೂರು ಎತ್ತರಗಳಲ್ಲಿ ಅಳೆಯಿರಿ. ಪ್ರತಿ ಎತ್ತರದಲ್ಲೂ ಎರಡು ದಿಕ್ಕು: ಗಾಳಿ ಹರಿಯುವ ದಿಕ್ಕು ಮತ್ತು ಅದಕ್ಕೆ ಅಡ್ಡ. ಮುಚ್ಚಳದ ಹತ್ತಿರ ಮೇಲ್ಭಾಗದಲ್ಲಿ ಸವೆತ ಸಾಮಾನ್ಯವಾಗಿ ಕಡಿಮೆ. ಆ ಅಳತೆಯೇ ಮೂಲ ಅಳತೆಗೆ ಹತ್ತಿರವಾದದ್ದು.

ಹೊಸದರಲ್ಲಿ ಸ್ಲೈಡ್ ಮತ್ತು ಬೋರ್ ನಡುವೆ ಒಟ್ಟು ಸಂದು ಸಾಮಾನ್ಯವಾಗಿ ಇಂಚಿನ ಸಾವಿರದಲ್ಲಿ ಮೂರು ನಾಲ್ಕು ಭಾಗ, ಅಂದರೆ 0.08ರಿಂದ 0.10 ಮಿ.ಮೀ. ಇರುತ್ತದೆ. ಅದಕ್ಕಿಂತ ಬಿಗಿ ಮಾಡಿದರೆ ಇನ್ನೂ ಒಳ್ಳೆಯದು ಅನ್ನಿಸಬಹುದು. ಬೇಡ. ಸ್ವಲ್ಪ ಮರಳು ಸಿಕ್ಕಿಕೊಂಡರೆ, ಬಾಡಿ ಒಂಚೂರು ಹಿಂಡಿಕೊಂಡರೆ, ಸ್ಲೈಡ್ ತೆರೆದ ಸ್ಥಿತಿಯಲ್ಲೇ ಹಿಡಿದು ನಿಲ್ಲಬಹುದು. ಸೋರುವ ಸ್ಲೈಡ್ ಕಿರಿಕಿರಿ ಕೊಡುತ್ತದೆ ಅಷ್ಟೇ. ಹಿಡಿದುಕೊಳ್ಳುವ ಸ್ಲೈಡ್ ಪ್ರಾಣಕ್ಕೆ ಅಪಾಯ.

ಈಗ ನಮ್ಮ ಉದಾಹರಣೆಗೆ ಮರಳೋಣ. ಗಾಳಿಯ ದಿಕ್ಕಿನಲ್ಲಿ ಬೋರ್ 30.22, ಹಳೆಯ ಸ್ಲೈಡ್ 29.70. ಸಂದು 0.52. ಹೊಸ 29.92ರ ಸ್ಲೈಡ್ ಹಾಕಿದರೂ 0.30 ಸಂದು ಉಳಿಯುತ್ತದೆ. ಇರಬೇಕಾದದ್ದರ ಮೂರು ಪಟ್ಟಿಗಿಂತ ಜಾಸ್ತಿ. ಹೊಸ ಸ್ಲೈಡ್ ಹಾಕಿ ಸ್ವಲ್ಪ ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ ಎನ್ನುವ ಮಾತಿನ ಹಿಂದಿರುವ ಲೆಕ್ಕ ಇದು. ಬೋರ್ ಚೆನ್ನಾಗಿದ್ದು ಸ್ಲೈಡ್ ಮಾತ್ರ ಸವೆದಿದ್ದರೆ ಹೊಸ ಸ್ಲೈಡ್ ಸಾಕು. ಅದು ಅಳೆದ ಮೇಲೆ ಮಾಡಬೇಕಾದ ತೀರ್ಮಾನ.

ಲೇತ್ ಕೆಲಸ

ರಿಪೇರಿಗೆ ಎರಡು ದಾರಿ. ಬೋರ್ ದೊಡ್ಡದು ಮಾಡಿ ಒಳಗೆ ಹಿತ್ತಾಳೆ ಸ್ಲೀವ್ (ತೆಳು ಕೊಳವೆ) ಕೂರಿಸಿ ಮೂಲ ಅಳತೆಗೆ ತರುವುದು ಒಂದು. ಬೋರನ್ನು ದುಂಡಗೆ ಮಾಡುವಷ್ಟು ಮಾತ್ರ ಕೊರೆದು, ಸ್ಲೈಡ್‌ಗೆ ಹೊರಗಿನಿಂದ ಸ್ಲೀವ್ ತೊಡಿಸಿ ಆ ಬೋರ್‌ಗೆ ಸರಿಹೊಂದಿಸುವುದು ಇನ್ನೊಂದು.

ನನ್ನ ಒಲವು ಎರಡನೆಯದಕ್ಕೆ. ಬಾಡಿಗೆ ಸ್ಲೀವ್ ಹಾಕಲು ತುಂಬಾ ಲೋಹ ತೆಗೆಯಬೇಕು, ಎರಕದ ಗೋಡೆ ತೆಳುವಾಗುತ್ತದೆ. ಸ್ಲೀವ್ ಕೂರಿಸಿದ ಮೇಲೆ ಗಾಳಿಯ ದಾರಿಯ ಕಿಟಕಿಗಳನ್ನು ಮತ್ತೆ ಕತ್ತರಿಸಬೇಕು. ಹತ್ತಿರದಲ್ಲೇ ಪೈಲಟ್‌ನ ಸಣ್ಣ ತೂತುಗಳಿವೆ. ಒಂದು ಸಲ ಅವು ಕೆಟ್ಟರೆ ಬಾಡಿಯೇ ಹೋಯಿತು. ಇನ್ನೊಂದು ತೊಡಕು, ಬಿಸಿಯಾದಾಗ ಸತುವು ಹಿತ್ತಾಳೆಗಿಂತ ಜಾಸ್ತಿ ಹಿಗ್ಗುತ್ತದೆ. 30 ಮಿ.ಮೀ. ಅಳತೆಗೆ 30 ಡಿಗ್ರಿ ಬಿಸಿಯಾದರೆ ಎರಡರ ನಡುವೆ ಸುಮಾರು 0.007 ಮಿ.ಮೀ. ವ್ಯತ್ಯಾಸ. ಸ್ಲೈಡ್‌ನ ಸಂದಿಗೆ ಇದು ಲೆಕ್ಕಕ್ಕಿಲ್ಲ. ಒತ್ತಿ ಕೂರಿಸಿದ ಸ್ಲೀವ್‌ನ ಹಿಡಿತಕ್ಕೆ ಮಾತ್ರ ಲೆಕ್ಕಕ್ಕಿದೆ, ಬಿಸಿಯಲ್ಲಿ ಅದು ಸಡಿಲವಾಗುತ್ತದೆ. ಹಾಗಾಗಿ ಪೆಟ್ರೋಲ್ ತಡೆಯುವ ಅಂಟು ಬೇಕೇ ಬೇಕು. ಸ್ಲೈಡ್ ಮೇಲೆ ಕೂರಿಸಿದ ಸ್ಲೀವ್ ಸರಿಯಾಗದಿದ್ದರೆ ಆ ಸ್ಲೈಡ್ ಒಂದು ಹೋಗುತ್ತದೆ, ಬಾಡಿ ಉಳಿಯುತ್ತದೆ.

ಮೊದಲು ಬೋರ್. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನಡು ಹಿಡಿಯುವುದು. ಬೋರ್ 30.22 ಇದೆ, 30.25ಕ್ಕೆ ಕೊರೆದರೆ ಆಯಿತು ಅನ್ನಿಸುತ್ತದೆ. ಆದರೆ ಆ 0.22 ಸವೆತ ಬಹುಪಾಲು ಒಂದೇ ಕಡೆ ಆಗಿರುವುದು, ಎಂಜಿನ್ ಕಡೆ. ಮೂಲ ನಡುವಿನಿಂದ ಅಳೆದರೆ ಫಿಲ್ಟರ್ ಕಡೆಗೆ 15.00, ಎಂಜಿನ್ ಕಡೆಗೆ 15.22. ನಡು ಬದಲಾಗದೆ ಪೂರ್ತಿ ದುಂಡಾಗಬೇಕಾದರೆ ಬೋರ್ 30.44 ಆಗಬೇಕು. 30.25ಕ್ಕೆ ಮುಗಿಸಿದರೆ ನಡು ಎಂಜಿನ್ ಕಡೆಗೆ 0.11 ಮಿ.ಮೀ. ಸರಿದಿರುತ್ತದೆ.

ಅಷ್ಟು ಸರಿದರೆ ಏನಾಯಿತು? ನೀಡಲ್ ಇಳಿಬಿದ್ದಿರುವುದು ಸ್ಲೈಡ್‌ನ ನಡುವಿನಿಂದ. ನೀಡಲ್ ಜೆಟ್ ಇರುವುದು ಬಾಡಿಯ ಮೂಲ ನಡುವಿನಲ್ಲಿ. ಇವೆರಡರ ನಡುವೆ ಪ್ರತಿ ಬದಿಗೆ ಇರುವ ಸಂದು ಸುಮಾರು 0.1 ಮಿ.ಮೀ. ಮಾತ್ರ. ನೀಡಲ್ ಸ್ವಲ್ಪ ಸಡಿಲವಾಗಿ ತೂಗುತ್ತದೆ ನಿಜ. ಆದರೂ ಅದು ಜೆಟ್‌ನ ಒಂದು ಬದಿಗೆ ಒರಗಿ ಉಜ್ಜಲು ಶುರುವಾಗುತ್ತದೆ. ಸ್ಲೈಡ್ ರಿಪೇರಿ ಮಾಡಿದ ಹೊಸದರಲ್ಲೇ ನೀಡಲ್ ಜೆಟ್ ಸವೆದರೆ ಬೋರ್ ಕೊರೆದಾಗ ನಡು ತಪ್ಪಿತ್ತು ಎಂದು ಅನುಮಾನ ಪಡಬೇಕು. ಲೇತ್ ಕೆಲಸದ ಟರ್ನರ್ ಹತ್ತಿರ ಕೊಡುವಾಗ ಈ ಒಂದು ಮಾತನ್ನು ಬಿಡಿಸಿ ಹೇಳಿ: ಸವೆದ ಗೋಡೆಯಿಂದ ನಡು ಹಿಡಿಯಬೇಡಿ, ಮೇಲಿನ ಸವೆಯದ ಭಾಗದಿಂದ ಅಥವಾ ಕೆಳಗೆ ಜೆಟ್ ಕೂರುವ ತೂತಿನಿಂದ ಹಿಡಿಯಿರಿ.

ಇದನ್ನು ಕೊರೆಯಬೇಕಾದದ್ದು ಒಂದೇ ತುದಿಯ ಬೋರಿಂಗ್ ಟೂಲ್‌ನಿಂದ. ಒಳಮೈಯನ್ನು ಕಲ್ಲುಗಳಿಂದ ಉಜ್ಜುವ ಹೋನ್ ಒಂದನ್ನೇ ನೆಚ್ಚಿಕೊಂಡರೆ, ಅದರಲ್ಲೂ ಬ್ರಷ್‌ನಂಥ ಬಾಗುವ ಹೋನ್ ಆದರೆ, ಅದು ಇರುವ ಆಕಾರವನ್ನೇ ಹಿಂಬಾಲಿಸುತ್ತದೆ. ಮೊಟ್ಟೆಯಾಕಾರದ ಬೋರ್ ನುಣುಪಾದ ಮೊಟ್ಟೆಯಾಕಾರದ ಬೋರ್ ಆಗುತ್ತದೆ ಅಷ್ಟೇ. ಗಾಳಿ ದಾರಿಯ ಕಿಟಕಿಗಳು ನಡುವೆ ಇರುವುದರಿಂದ ಹೋನ್‌ನ ಕಲ್ಲುಗಳು ಅಲ್ಲಿ ಇಳಿದು ಅಂಚುಗಳನ್ನು ತಿನ್ನುತ್ತವೆ. ಸ್ಲೈಡ್ ಮತ್ತು ಬೋರ್ ನಡುವೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಾಕಿ ತಿಕ್ಕುವುದಂತೂ ಯಾವ ಕಾರಣಕ್ಕೂ ಬೇಡ. ಪೇಸ್ಟ್‌ನ ಹರಳುಗಳು ಮೆತ್ತಗಿನ ಸತುವಿನಲ್ಲಿ ಹೂತುಕೊಂಡು ಅಲ್ಲೇ ಉಳಿಯುತ್ತವೆ, ಮುಂದೆ ಸ್ಲೈಡನ್ನು ತಿನ್ನುತ್ತಲೇ ಇರುತ್ತವೆ.

ಕೊರೆಯುವ ಮುಂಚೆ ಬಾಡಿಯನ್ನು ಭೂತಗನ್ನಡಿಯಲ್ಲಿ ನೋಡಿ. ತುಂಬಾ ಹಳೆಯ ಕೆಲವು ಸತುವಿನ ಎರಕಗಳಲ್ಲಿ ಸೀಸದಂಥ ಕಲಬೆರಕೆ ಇದ್ದು, ಕಾಲ ಕಳೆದಂತೆ ಲೋಹ ಒಳಗಿನಿಂದಲೇ ಊದಿಕೊಂಡು ಬಿರುಕು ಬಿಡುತ್ತದೆ. ಮೇಲ್ಮೈಯಲ್ಲಿ ಬೊಬ್ಬೆ, ಕೂದಲೆಳೆಯಂಥ ಬಿರುಕುಗಳ ಬಲೆ ಕಂಡರೆ ಅಂಥ ಬಾಡಿಗೆ ಲೇತ್ ಖರ್ಚು ದಂಡ. ಬೇರೆ ಬಾಡಿ ಹುಡುಕಿ.

ಬೋರ್ 30.45ಕ್ಕೆ ಮುಗಿಯಿತು ಅನ್ನಿ. ಸ್ಲೈಡ್‌ನ ಹೊರ ಅಳತೆ 30.36ರ ಹತ್ತಿರ ಬರಬೇಕು. ಹಳೆಯ ಸ್ಲೈಡನ್ನು 28.40ಕ್ಕೆ ಇಳಿಸಿದರೆ ಸುಮಾರು ಒಂದು ಮಿ.ಮೀ. ದಪ್ಪದ ಹಿತ್ತಾಳೆ ಕೊಳವೆಗೆ ಜಾಗ ಸಿಗುತ್ತದೆ. ಆದರೆ ಸ್ಲೈಡ್‌ನ ಗೋಡೆಯೇ ಎಷ್ಟು ದಪ್ಪ ಇದೆ ಎಂದು ಮೊದಲು ನೋಡಿ. ತೆಳುವಾಗಿದ್ದರೆ ಹಿತ್ತಾಳೆಯಲ್ಲಿ ಇಡೀ ಸ್ಲೈಡ್ ಹೊಸದಾಗಿ ಮಾಡಿಸುವುದು ಮೇಲು. ಲೇತ್‌ನಲ್ಲಿ ಹಿಡಿಯುವ ಚಕ್‌ನ ದವಡೆಗೆ ಸ್ಲೈಡನ್ನು ನೇರವಾಗಿ ಕೊಡಬಾರದು, ಮೂರು ಕಡೆ ಒತ್ತಿ ಮುಕ್ಕೋನೆಯಾಗುತ್ತದೆ. ಒಳಗೆ ಸರಿಯಾಗಿ ಕೂರುವ ದುಂಡು ಗೂಟ, ಅಂದರೆ ಮ್ಯಾಂಡ್ರೆಲ್ ಮಾಡಿ ಅದರ ಮೇಲೆ ತಿರುಗಿಸಬೇಕು. ಸ್ಲೀವನ್ನು ಕೂರಿಸಿ, ಅಂಟು ಪೂರ್ತಿ ಗಟ್ಟಿಯಾದ ಮೇಲೆ ಹೊರಮೈಯನ್ನು ಕೊನೆಯ ಅಳತೆಗೆ ತರಬೇಕು. ಮೊದಲೇ ಅಳತೆ ಮಾಡಿದ ಕೊಳವೆಯನ್ನು ಆಮೇಲೆ ಕೂರಿಸಿದರೆ ಅದು ಹಿಗ್ಗಿ ಲೆಕ್ಕ ತಪ್ಪುತ್ತದೆ. ಬೆಸುಗೆ ಹಾಕುವ ಆಲೋಚನೆ ಬೇಡ. ಸತುವಿನ ಈ ಮಿಶ್ರಲೋಹ 400 ಡಿಗ್ರಿ ಮುಟ್ಟುವ ಮೊದಲೇ ಕರಗುತ್ತದೆ.

ಆಮೇಲೆ ಸ್ಲೀವ್‌ನಲ್ಲಿ ಮತ್ತೆ ಕತ್ತರಿಸಬೇಕಾದವು: ಸ್ಲೈಡ್ ತಿರುಗದಂತೆ ಹಿಡಿಯುವ ಸೀಳು, ಐಡ್ಲಿಂಗ್ ಸ್ಕ್ರೂ ತಾಗುವ ಓರೆ, ಮತ್ತು ಕಟ್‌ಅವೇ. ಕಟ್‌ಅವೇ ಎತ್ತರವನ್ನು ಕಣ್ಣಳತೆಯಲ್ಲಿ ಮಾಡಬಾರದು. ಅಮಾಲ್ ಸ್ಲೈಡ್ ಮೇಲೆ 3 ಎಂದಿದ್ದರೆ ಅದು ಇಂಚಿನ ಹದಿನಾರನೇ 3 ಭಾಗ, ಅಂದರೆ 4.76 ಮಿ.ಮೀ. ಮಿಕುನಿಯಲ್ಲಿ 2.5 ಎಂದಿದ್ದರೆ ನೇರವಾಗಿ 2.5 ಮಿ.ಮೀ. ಕೆಲಸ ಶುರು ಮಾಡುವ ಮುಂಚೆಯೇ ಹಳೆಯ ಸ್ಲೈಡ್‌ನ ಫೋಟೊ, ಅಳತೆ ಎಲ್ಲ ಬರೆದಿಟ್ಟುಕೊಳ್ಳಿ. ಲೇತ್‌ಗೆ ಕೊಟ್ಟ ಮೇಲೆ ಹಳೆಯ ಗುರುತು ಏನೂ ಉಳಿದಿರುವುದಿಲ್ಲ. ಕತ್ತರಿಸಿದ ಕಡೆಯೆಲ್ಲ ಚೂಪು ಎದ್ದಿರುತ್ತದೆ, ಅದನ್ನು ತೆಗೆಯಿರಿ. ಕೆಳ ಅಂಚನ್ನು ಮಾತ್ರ ದುಂಡಗೆ ಮಾಡಬೇಡಿ. ಐಡ್ಲಿಂಗ್‌ನ ಗಾಳಿ ಅಳೆಯುವುದು ಅದೇ ಅಂಚು.

ನೀಡಲ್ ಜೆಟ್: ಕಣ್ಣಿಗೆ ಕಾಣದ ಸವೆತ

ಸ್ಲೈಡ್ ಅಲುಗಾಡುತ್ತಿದ್ದಷ್ಟು ಕಾಲವೂ ನೀಡಲ್ ಹೋಗಿ ತನ್ನ ಜೆಟ್‌ಗೆ ಬಡಿಯುತ್ತಲೇ ಇರುತ್ತದೆ. ಹಾಗಾಗಿ ಸ್ಲೈಡ್ ಸವೆದ ಕಾರ್ಬುರೇಟರ್‌ನಲ್ಲಿ ನೀಡಲ್, ನೀಡಲ್ ಜೆಟ್ ಎರಡೂ ಸವೆದಿವೆ ಎಂದೇ ಇಟ್ಟುಕೊಳ್ಳಿ. ಅಮಾಲ್‌ನ ನೀಡಲ್ ಜೆಟ್ ಮೇಲಿನ 106 ಎನ್ನುವ ಸಂಖ್ಯೆ ಅಂದರೆ 0.106 ಇಂಚು, 2.69 ಮಿ.ಮೀ. ಅದರೊಳಗೆ 2.50 ಮಿ.ಮೀ. ದಪ್ಪದ ನೀಡಲ್ ಇದೆ ಅಂದುಕೊಳ್ಳಿ. ಪೆಟ್ರೋಲ್ ಮೇಲೆ ಬರುವುದು ಇವೆರಡರ ನಡುವಿನ ಉಂಗುರದಲ್ಲಿ. ಜೆಟ್ ಸವೆದು 0.108 ಇಂಚಾದರೆ ಬದಲಾದದ್ದು 0.05 ಮಿ.ಮೀ. ಮಾತ್ರ. ಆದರೆ ಉಂಗುರದ ವಿಸ್ತೀರ್ಣ 0.78ರಿಂದ 1.00 ಚದರ ಮಿ.ಮೀ.ಗೆ ಏರುತ್ತದೆ. ಅಂದರೆ ಸುಮಾರು ಶೇಕಡ 28ರಷ್ಟು ಜಾಸ್ತಿ ಜಾಗ. ಮೈಲೇಜ್ ಇಳಿದದ್ದು, ಪ್ಲಗ್ ಕರಿ ಹಿಡಿದದ್ದು ಇದರಿಂದಲೇ ಇರಬಹುದು.

ಇದನ್ನು ರಿಪೇರಿ ಮಾಡಲು ಹೋಗಬೇಡಿ. ನೀಡಲ್ ಮತ್ತು ಜೆಟ್ ಎರಡನ್ನೂ ಒಟ್ಟಿಗೆ ಹೊಸದು ಹಾಕಿ. ದುಬಾರಿಯ ಭಾಗಗಳಲ್ಲ, ಸ್ಲೈಡ್ ಮೇಲೆ ಅಷ್ಟು ಕೆಲಸ ಮಾಡಿ ಇಲ್ಲಿ ಉಳಿಸುವುದರಲ್ಲಿ ಅರ್ಥವಿಲ್ಲ.

ಆಕ್ಸಿಲರೇಟರ್ ಕೇಬಲ್ ಸ್ಲೈಡ್ ಬದಲು ಬಟರ್‌ಫ್ಲೈ ಎನ್ನುವ ತಿರುಗುವ ಬಿಲ್ಲೆಯನ್ನು ಆಡಿಸುವ ಸಿವಿ ಮಾದರಿಯ ಕಾರ್ಬುರೇಟರ್‌ಗಳಲ್ಲಿ ಇದೇ ರೋಗ ಬಟರ್‌ಫ್ಲೈ ತಿರುಗುವ ಶಾಫ್ಟ್‌ನಲ್ಲಿ ಬರುತ್ತದೆ. ಶಾಫ್ಟ್ ಕೂರುವ ತೂತು ಉದ್ದವಾಗಿ ಸವೆದು ಎರಡು ತುದಿಗಳಿಂದಲೂ ಗಾಳಿ ಎಳೆಯುತ್ತದೆ. ಅಲ್ಲೂ ಶಾಫ್ಟ್ ಒಂದನ್ನೇ ಬದಲಿಸಿದರೆ ಸಾಲದು. ತೂತು ದೊಡ್ಡದು ಮಾಡಿ ಬುಷ್ ಹಾಕಿ, ಸೀಲ್ ಇದ್ದರೆ ಅದನ್ನೂ ಹೊಸದು ಹಾಕಬೇಕು.

ಜೋಡಿಸುವಾಗ, ಟ್ಯೂನ್ ಮಾಡುವಾಗ

ಲೇತ್‌ನಿಂದ ಬಂದ ಬಾಡಿಯ ಸಣ್ಣ ದಾರಿಗಳಲ್ಲಿ ಲೋಹದ ಪುಡಿ ಇದ್ದೇ ಇರುತ್ತದೆ. ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆಸಿ, ಪ್ರತಿ ದಾರಿಗೂ ಗಾಳಿ ಹೊಡೆಯಿರಿ. ಹೆಚ್ಚಿನ ಕಾನ್ಸೆಂಟ್ರಿಕ್‌ಗಳಲ್ಲಿ ಪೈಲಟ್ ಜೆಟ್‌ನ ಕೆಲಸ ಮಾಡುವ ಪೈಲಟ್ ಬುಷ್ ಬಾಡಿಯೊಳಗೇ ಒತ್ತಿ ಕೂರಿಸಿರುತ್ತದೆ, ಬಿಚ್ಚಲು ಬರುವುದಿಲ್ಲ. ಅದರ ತೂತು ಸುಮಾರು 0.016 ಇಂಚು, 0.4 ಮಿ.ಮೀ. ಅಷ್ಟೇ ಅಳತೆಯ ಡ್ರಿಲ್ ಬಿಟ್ ಅನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ ಸ್ವಚ್ಛ ಮಾಡುವುದು ರೂಢಿ. ಹೊಳಪಿಗಾಗಿ ಗಾಜಿನ ಮಣಿ ಹೊಡೆಸುವ ಆಸೆ ಇದ್ದರೆ ಬಿಟ್ಟುಬಿಡಿ. ಒಂದು ಮಣಿ ಪೈಲಟ್ ದಾರಿಯಲ್ಲಿ ಕೂತರೆ ಮತ್ತೆ ಮೊದಲಿಂದ ಶುರು.

ಸ್ಪ್ರಿಂಗ್ ಇಲ್ಲದೆ ಸ್ಲೈಡನ್ನು ಬೋರ್‌ನೊಳಗೆ ಬಿಡಿ. ತನ್ನ ಭಾರಕ್ಕೇ ಸರಾಗವಾಗಿ ಇಳಿಯಬೇಕು. ಬಾಡಿಯನ್ನು ಎಂಜಿನ್‌ಗೆ ಬಿಗಿದ ಮೇಲೆ ಇದೇ ಪರೀಕ್ಷೆ ಇನ್ನೊಮ್ಮೆ ಮಾಡಿ, ಬಿಗಿತಕ್ಕೆ ಬೋರ್ ಹಿಂಡಿಕೊಂಡಿದ್ದರೆ ಈಗ ಗೊತ್ತಾಗುತ್ತದೆ. ಸ್ಪ್ರಿಂಗ್, ಕೇಬಲ್ ಹಾಕಿ, ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಆಕ್ಸಿಲರೇಟರ್ ಬಿಟ್ಟು ನೋಡಿ. ಪ್ರತಿ ಸಲವೂ ಸ್ಲೈಡ್ ಟಪ್ ಎಂದು ಕೆಳಗೆ ಬೀಳಬೇಕು. ಇಷ್ಟಾಗದೆ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಟ್ಯೂನ್ ಮಾಡುವಾಗ ಹೆಚ್ಚಿನವರು ಮರೆಯುವ ಸಂಗತಿ ಒಂದಿದೆ. ಸೋರುವ ಗಾಳಿಗೆ ಸರಿದೂಗಿಸಲು ಈ ಕಾರ್ಬುರೇಟರ್‌ನಲ್ಲಿ ಯಾರೋ ಯಾವಾಗಲೋ ಪೈಲಟ್ ಸ್ಕ್ರೂ ಬಿಗಿದಿರುತ್ತಾರೆ, ನೀಡಲ್ ಒಂದು ಮೆಟ್ಟಿಲು ಮೇಲೆತ್ತಿರುತ್ತಾರೆ, ದೊಡ್ಡ ಜೆಟ್ ಹಾಕಿರುತ್ತಾರೆ. ಈಗ ಗಾಳಿ ಸೋರುವುದಿಲ್ಲ, ಹಾಗಾಗಿ ಅದೆಲ್ಲ ಸೇರಿ ಪೆಟ್ರೋಲ್ ಜಾಸ್ತಿಯಾಗುತ್ತದೆ. ರಿಪೇರಿ ಆದಮೇಲೂ ಬೈಕ್ ಸರಿಯಿಲ್ಲ ಎನ್ನುವ ದೂರು ಇಲ್ಲಿಂದ ಹುಟ್ಟುತ್ತದೆ. ಎಲ್ಲವನ್ನೂ ಕಂಪನಿ ಹೇಳಿದ ಸೆಟ್ಟಿಂಗ್‌ಗೆ ತಂದು ಮೊದಲಿನಿಂದ ಶುರು ಮಾಡಿ. ಫ್ಲೋಟ್ ಮಟ್ಟ ನೋಡಿ. ಅಮಾಲ್‌ನಲ್ಲಿ ಪೈಲಟ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ಬಿಡಿ. ಈ ಸ್ಕ್ರೂ ನಿಯಂತ್ರಿಸುವುದು ಗಾಳಿಯನ್ನು, ಒಳಗೆ ತಿರುಗಿಸಿದರೆ ಪೆಟ್ರೋಲ್ ಪಾಲು ಹೆಚ್ಚುತ್ತದೆ. ಸ್ಕ್ರೂ ಎಂಜಿನ್ ಕಡೆ ಇರುವ ಬೇರೆ ಕಾರ್ಬುರೇಟರ್‌ಗಳಲ್ಲಿ ಸಾಮಾನ್ಯವಾಗಿ ಇದು ಉಲ್ಟಾ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪೈಲಟ್ ಸ್ಕ್ರೂವನ್ನು ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ ತಿರುಗಿಸಿ. ಎಂಜಿನ್ ವೇಗ ಎರಡೂ ಕಡೆ ಇಳಿದು ನಡುವೆ ಏರಬೇಕು. ಮೊದಲು ಈ ಸ್ಕ್ರೂಗೆ ಜಗ್ಗದಿದ್ದ ಎಂಜಿನ್ ಈಗ ಕಾಲು ಸುತ್ತಿಗೇ ಮಾತು ಕೇಳಿದರೆ ಸೋರಿಕೆ ನಿಂತಿದೆ ಎಂದೇ ಲೆಕ್ಕ. ಅತಿ ಹೆಚ್ಚು ವೇಗ ಸಿಗುವಲ್ಲಿ ಸ್ಕ್ರೂ ಬಿಟ್ಟು, ಐಡ್ಲಿಂಗ್ ಸ್ಕ್ರೂನಿಂದ ಸ್ಲೈಡ್ ಇಳಿಸಿ. ಇದನ್ನೇ ಇನ್ನೊಂದೆರಡು ಸಲ ಮಾಡಿ.

ಆಮೇಲೆ ಹಿಡಿಕೆಯ ಟೇಪ್ ಗುರುತುಗಳ ಪ್ರಕಾರ ಓಡಿಸಿ ನೋಡಿ, ಕೆಳಗಿನಿಂದ ಮೇಲಕ್ಕೆ. ಪೈಲಟ್ ಸರಿಹೋಗದೆ ನೀಡಲ್ ಮುಟ್ಟಬೇಡಿ. ಎರಡು ಕಾರ್ಬುರೇಟರ್ ಇರುವ ಬೈಕ್ ಆದರೆ ಎರಡನ್ನೂ ಒಟ್ಟಿಗೆ ರಿಪೇರಿ ಮಾಡಿಸಿ. ಒಂದು ಹೊಸದರಂತೆ, ಇನ್ನೊಂದು ಸೋರುತ್ತಾ ಇದ್ದರೆ ಎರಡೂ ಸಿಲಿಂಡರ್ ಒಂದೇ ಸಮ ಓಡುವುದು ಸಾಧ್ಯವೇ ಇಲ್ಲ.

ಕೆಲವು ದಿನ ಓಡಿಸಿದ ಮೇಲೆ ಸ್ಲೈಡನ್ನು ಒಮ್ಮೆ ಹೊರತೆಗೆಯಿರಿ. ಉಜ್ಜಿದ ಗುರುತು ಎಂಜಿನ್ ಕಡೆಯ ಮುಖದಲ್ಲಿ ಮೇಲಿನಿಂದ ಕೆಳಗಿನವರೆಗೆ ಅಗಲವಾಗಿ, ಮಂದವಾಗಿ ಹರಡಿದ್ದರೆ ಬೋರ್ ನೇರವಾಗಿದೆ. ಒಂದೇ ಕಡೆ ಹೊಳೆಯುವ ಕಿರಿದಾದ ಪಟ್ಟಿ ಕಂಡರೆ ಅಲ್ಲಿ ಸ್ಲೈಡ್ ಹಿಡಿಯುತ್ತಿದೆ. ಮೊದಲು ಫ್ಲಾಂಜ್ ನಟ್ ಸ್ವಲ್ಪ ಸಡಿಲಿಸಿ, ಹಿಡಿತ ಹೋಯಿತಾ ನೋಡಿ. ಹೋಗದಿದ್ದರೆ ಆ ಪಟ್ಟಿಯ ಮೇಲಷ್ಟೇ 1000 ನಂಬರಿನ ಎಮರಿ ಪೇಪರನ್ನು ಒದ್ದೆ ಮಾಡಿ ಹಗುರವಾಗಿ ಆಡಿಸಿ, ಚೆನ್ನಾಗಿ ತೊಳೆದು ಮತ್ತೆ ಹಾಕಿ.